ಅಪ್ಪ ಸೀಮೆಸುಣ್ಣದಲ್ಲಿ ಬರೆದ ಹುಳು

ಈ ಬರವಣಿಗೆಯಲ್ಲಿ ಎಲ್ಲಿಯಾದರೂ ಕ್ರಮ ತಪ್ಪಿದ್ದರೆ, ಅಥವಾ ಹೇಳಬೇಕಾದುದನ್ನು ತಕ್ಕ ಮಾತುಗಳಲ್ಲಿ ಹೇಳಲಾರದೆ ಹೋಗಿದ್ದರೆ, ಓದುಗರು ಕ್ಷಮಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಕಂಡದ್ದನ್ನು ಅಳತೆ ಸಹಿತ ಬರೆಯುವುದನ್ನು ನನಗೆ ಕಲಿಸಿದ್ದಾರೆ. ಅಳತೆಗೆ ಸಿಗದ ಸಂಗತಿಯನ್ನು ಬರೆಯುವ ಅಭ್ಯಾಸ ನನಗಿಲ್ಲ.

ಇಂಥ ಸಂಗತಿಗಳಲ್ಲಿ ನನಗೆ ನಂಬಿಕೆಯೂ ಇರಲಿಲ್ಲ. ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರಿದ್ದ ನಮ್ಮ ಲೈನ್ ಮನೆಗಳಲ್ಲಿ ಗಣಿಯ ಕಥೆಗಳಿಗೆ ಬರವಿರಲಿಲ್ಲ. ಸುರಂಗದೊಳಗೆ ಯಾರೋ ಹೆಸರು ಹಿಡಿದು ಕರೆದರೆಂಬ ಒಂದೇ ಕಥೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜಗಲಿಯಿಂದ ಜಗಲಿಗೆ ತಿರುಗುತ್ತಿತ್ತು. ಕಾಲೇಜು ಸೇರಿದ ಮೇಲೆ ನಾನು ಅದನ್ನು ಹೇಳುವವರ ಎದುರಿಗೇ ನಗತೊಡಗಿದೆ. ಪಕ್ಕದ ಮನೆಯ ಚಿನ್ನಮ್ಮಕ್ಕ ನನ್ನನ್ನು ಕಂಡೊಡನೆ, "ಬಿಎಸ್ಸಿ ಸಾಮಿ ಬಂದ್ರು, ದೆವ್ವಗಳೆಲ್ಲ ಎದ್ದು ನಿಂತ್ಕಳ್ರಪ್ಪ" ಎಂದು ಹಂಗಿಸುತ್ತಿದ್ದರು.

ಅಪ್ಪ ಅಂಥ ಕಥೆ ಹೇಳಿದವರಲ್ಲ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಾಂಪಿಯನ್ ರೀಫ್ಸ್ ಗಣಿಯ ನೆಲದಡಿಯಲ್ಲಿ, ಬಂಡೆ ಕುಸಿಯದಂತೆ ಮರದ ಆಧಾರ ನಿಲ್ಲಿಸುವ ಕೆಲಸ ಮಾಡಿದವರು. ಮಾತು ಕಡಿಮೆ. ಓದುಬರಹ ಬರುತ್ತಿರಲಿಲ್ಲ. ಮರ ಕೊಯ್ಯುವಲ್ಲಿ ಗುರುತು ಹಾಕಲು ಒಂದು ತುಂಡು ಸೀಮೆಸುಣ್ಣ ಸದಾ ಅವರ ಕಿವಿಯ ಮೇಲಿರುತ್ತಿತ್ತು.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಬೆಂಗಳೂರಿನಲ್ಲಿ ಒಬ್ಬ ಪ್ರಾಧ್ಯಾಪಕರ ಬಳಿ ತಾತ್ಕಾಲಿಕ ಸಹಾಯಕನಾಗಿದ್ದೆ. ಅವರ ವಿಷಯ ದುಂಡುಹುಳುಗಳು. ಮನುಷ್ಯರ ಕರುಳಿನಲ್ಲಿರುವವಲ್ಲ, ಯಾರ ಹಂಗೂ ಇಲ್ಲದೆ ಮಣ್ಣಿನಲ್ಲಿ, ಪಾಚಿಯಲ್ಲಿ, ನೀರಿನಲ್ಲಿ ಬದುಕುವಂಥವು. ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಗಾಜಿನ ದಾರದಂತೆ ಒಂದೇ ತೆರ ಕಾಣುತ್ತವೆ. ತುಟಿಗಳು ಎಷ್ಟು, ಅನ್ನನಾಳದ ಕೊನೆಯ ಗಡ್ಡೆಯೊಳಗೆ ಕವಾಟ ಇದೆಯೇ, ಹೆಣ್ಣಿನ ಜನನದ್ವಾರ ದೇಹದ ಯಾವ ಭಾಗದಲ್ಲಿದೆ, ಬಾಲ ಮೊಂಡೋ ಚೂಪೋ ಎಂಬುದನ್ನೆಲ್ಲ ನೋಡಿಯೇ ಜಾತಿ ಗುರುತಿಸಬೇಕು. ಕೆಲವು ಕುಲಗಳಲ್ಲಿ ಗಂಡು ಬಲು ಅಪರೂಪ. ಆದರೆ ಗಂಡಿನ ಬಾಲದಲ್ಲಿರುವ ಎರಡು ಸಣ್ಣ ಕತ್ತಿಗಳಂಥ ಅಂಗವನ್ನೂ ಅದರ ಅಕ್ಕಪಕ್ಕದ ಸಣ್ಣ ಉಬ್ಬುಗಳ ಸಾಲನ್ನೂ ನೋಡದೆ ಹೊಸ ಜಾತಿಯೆಂದು ಹೇಳುವಂತಿಲ್ಲ. ಪ್ರಾಧ್ಯಾಪಕರದು ಒಂದೇ ಕಟ್ಟಳೆ. ಚಿತ್ರದಲ್ಲಿ ಕಣ್ಣಾರೆ ಕಂಡದ್ದನ್ನು ಪೂರ್ಣ ಗೆರೆಯಲ್ಲಿ ಬರೆಯಬೇಕು. ಹೀಗಿರಬಹುದೆಂದು ಊಹಿಸಿದ್ದನ್ನು ಚುಕ್ಕಿ ಗೆರೆಯಲ್ಲಿ ಬರೆಯಬೇಕು.

ಆ ಬೇಸಿಗೆಯಲ್ಲಿ ಒಂದು ಹೊಸ ಜಾತಿಯ ಹುಳುವಿನ ಪೂರ್ಣ ವಿವರಣೆಯನ್ನು ನಾನೇ ಸ್ವತಂತ್ರವಾಗಿ ಸಿದ್ಧಪಡಿಸಿದರೆ ನನ್ನ ಕೆಲಸ ಖಾಯಂ ಆಗುವುದೆಂದು ಅವರು ಹೇಳಿದ್ದರು. ಒಂದು ಹಳೆಯ ಸೂಕ್ಷ್ಮದರ್ಶಕವನ್ನೂ ಮನೆಗೆ ಒಯ್ಯಲು ಕೊಟ್ಟರು. ಕನ್ನಡಿಯಿಂದ ಬಿಸಿಲು ಹಾಯಿಸಿ ನೋಡುವಂಥದು. ಅದನ್ನು ಜಗಲಿಯ ಮೇಲಿಟ್ಟುಕೊಂಡು ಕೆರೆಯ ನೀರು, ತಿಪ್ಪೆಯ ಮಣ್ಣು ಎಲ್ಲ ನೋಡಿದೆ. ಸಿಕ್ಕಿದವೆಲ್ಲ ಪುಸ್ತಕದಲ್ಲಿ ಆಗಲೇ ಇದ್ದವು. ಕಡೆಗೆ ಅಪ್ಪನಿಗೆ, ನೀನು ಕೆಲಸ ಮಾಡುವಲ್ಲಿ ಬಂಡೆಯಿಂದ ಜಿನುಗುವ ನೀರು ಬೇಕು ಎಂದೆ.

ಅದು ಸುಲಭದ ಮಾತಾಗಿರಲಿಲ್ಲ. ಗಣಿಯಿಂದ ಮೇಲೆ ಬಂದವರನ್ನೆಲ್ಲ, ಚಿನ್ನ ಕದ್ದಿರಬಹುದೆಂದು, ಗೇಟಿನಲ್ಲಿ ತಡವಿ ನೋಡುತ್ತಿದ್ದರು. ಅನ್ನದ ಡಬ್ಬಿಯನ್ನೂ ಬಿಚ್ಚಿಸುತ್ತಿದ್ದರು. ಅಪ್ಪ ಕುಡಿಯುವ ನೀರಿನ ಸೀಸೆಯಲ್ಲೇ ತುಂಬಿಕೊಂಡು ಬಂದರು. ಬಂಡೆಯ ಹತ್ತಿರ ಅದು ಬೆಚ್ಚಗಿತ್ತೆಂದಷ್ಟೇ ಹೇಳಿದರು. ನಾನು ಅರ್ಧ ನೀರನ್ನು ಬೇರೆ ಸೀಸೆಗೆ ಬಗ್ಗಿಸಿ, ಹತ್ತಿಯ ಬಿರಡೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಗಂಟಿಗೆ ನನ್ನ ರುಜುವಿನ ಚೀಟಿ ಅಂಟಿಸಿ, ಪ್ರಾಧ್ಯಾಪಕರಿಗೆ ಒಪ್ಪಿಸಲೆಂದು ಇಟ್ಟೆ. ಉಳಿದರ್ಧವನ್ನು ನೋಡಲಾರಂಭಿಸಿದೆ.

ಹುಳುಗಳಿದ್ದವು. ಮೂರು ದಿನಗಳಲ್ಲಿ ಒಂಬತ್ತು ಸಿಕ್ಕವು. ಎಲ್ಲವೂ ಹೆಣ್ಣು. ನನ್ನ ಬಳಿ ಇದ್ದ ಯಾವ ಪುಸ್ತಕಕ್ಕೂ ಅವು ಹೊಂದಲಿಲ್ಲ. ಸಂತೋಷಪಡಬೇಕಾದ ನನಗೆ ಸಂಶಯ ಹತ್ತಿತು. ಅಷ್ಟು ಆಳದ ಬಂಡೆಯಲ್ಲಿ ಪ್ರಾಣಿ ಬದುಕುವುದೆಂದು ನಾನು ಎಲ್ಲಿಯೂ ಓದಿರಲಿಲ್ಲ. ಗೇಟಿನ ರಗಳೆ ಬೇಡವೆಂದು ಅಪ್ಪ ಮೇಲೆ ಬಂದ ಮೇಲೆ ನಲ್ಲಿಯಲ್ಲಿ ನೀರು ಹಿಡಿದು ತಂದಿರಬೇಕು ಎನಿಸಿತು. ನಲ್ಲಿಗೆ ಬರುತ್ತಿದ್ದುದು ಬೇತಮಂಗಲದ ಕೆರೆಯ ನೀರು. ಅದರಲ್ಲಿ ಹುಳು ಇದ್ದರೆ ಆಶ್ಚರ್ಯವೇನಿಲ್ಲ.

ಅಂದು ಮಧ್ಯಾಹ್ನ ಅಪ್ಪ ಬೆಳಗಿನ ಶಿಫ್ಟ್ ಮುಗಿಸಿ ಬಂದು ಜಗಲಿಯಲ್ಲಿ ಅಂಬಲಿ ಕುಡಿಯುತ್ತಿದ್ದಾಗ, ಇದು ನಲ್ಲಿಯ ನೀರಲ್ಲವೇ ಎಂದು ಕೇಳಿಯೇಬಿಟ್ಟೆ. ಒಮ್ಮೆಯಲ್ಲ, ಎರಡು ಸಲ. ನನ್ನ ದನಿಯಲ್ಲಿ ಗೇಟಿನ ಕಾವಲಿನವರ ದನಿ ಇತ್ತೆಂದು ಈಗ ಅನಿಸುತ್ತದೆ.

ಅಪ್ಪ ಲೋಟ ಕೆಳಗಿಟ್ಟರು. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ಜಗಲಿಯ ಕಲ್ಲಿನ ಮೇಲೆ ಒಂದು ಮೊಳ ಉದ್ದದ ಆಕೃತಿ ಬರೆದರು. ಅವಸರವಿಲ್ಲದೆ, ತೊಲೆಗೆ ಗುರುತು ಹಾಕುವ ಹಾಗೆ. ಮೂರು ತುಟಿ. ಅನ್ನನಾಳ, ಗಡ್ಡೆ, ಅದರೊಳಗೆ ಕವಾಟ. ಅಲ್ಲಿಯವರೆಗೆ ನನ್ನ ಒಂಬತ್ತು ಹುಳುಗಳದೇ ರೂಪ. ಬಾಲದ ಹತ್ತಿರ ಬಂದಾಗ ಚಿತ್ರ ಬೇರೆಯಾಯಿತು.

"ನೀನು ನೋಡಿರಾದು ಎಣ್ಣು ಕಣ್ಲಾ. ಗಂಡಿಗೆ ಬಾಲದತ್ರ ಎರ್ಡು ಕತ್ತಿ ಐತೆ. ಎಡಗಡೇದು ಗಿಡ್ಡ. ಇದ್ರದು ತುದಿ ಮುರ್ದೋಗೈತೆ."

ಕತ್ತಿಗಳ ಒಂದು ಪಕ್ಕಕ್ಕೆ ಆರು ಚುಕ್ಕಿ ಇಟ್ಟರು, ಇನ್ನೊಂದು ಪಕ್ಕಕ್ಕೆ ಐದು.

ಇಲ್ಲಿ ಒಂದೆರಡು ಮಾತು ಸ್ಪಷ್ಟಪಡಿಸಬೇಕು. ಅಪ್ಪ ಸೂಕ್ಷ್ಮದರ್ಶಕಕ್ಕೆ ಒಮ್ಮೆಯೂ ಕಣ್ಣಿಟ್ಟಿರಲಿಲ್ಲ. ನನ್ನ ಪುಸ್ತಕಗಳೂ ಚಿತ್ರಗಳೂ ಬೀಗ ಹಾಕಿದ ಟ್ರಂಕಿನಲ್ಲಿದ್ದವು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆದರೂ ನನಗೆ ಮೊದಲು ಬಂದದ್ದು ಅನುಮಾನವೇ. ಎಲ್ಲಿ ನೋಡಿದೆ ಎಂದು ಕೇಳಿದೆ.

ಅವರು ಹೇಳಿದ್ದು ಇಷ್ಟು. ಬಂಡೆ ಸಿಡಿಸಿದ ಮೇಲೆ ಹೊಗೆ ಇಳಿಯುವವರೆಗೆ ದೂರ ಕುಳಿತು ಕಾಯಬೇಕಾಗುತ್ತದೆ. ಆಗ ದೀಪ ಆರಿಸುತ್ತಾರೆ. ಆ ಕತ್ತಲೆಯಲ್ಲಿ ಅವು ಗೋಡೆಯ ಮೇಲೆ ಹರಿಯುತ್ತವೆ, ಕೇರೆಹಾವಿನಷ್ಟು ದಪ್ಪ, ಒಳಗಿನದೆಲ್ಲ ಕಾಣುತ್ತದೆ. ದೀಪ ಹಚ್ಚಿದರೆ ಇಲ್ಲ. ಮುರಿದ ಕತ್ತಿಯದು ಎಷ್ಟೋ ವರ್ಷದಿಂದ ಬರುತ್ತದೆ. ಅದು ಸುಮ್ಮನೆ ಹತ್ತಿರ ಬಂದು ನಿಂತು ಹೋಗುತ್ತದೆ. ಬೇರೆ ಯಾರಿಗೂ ಹೇಳಿಲ್ಲ. ಹೇಳಿದರೆ ತಲೆ ಕೆಟ್ಟಿದೆಯೆಂದು ಕೆಲಸದಿಂದ ತೆಗೆಯುತ್ತಾರೆ, ಗಣಿಯವರು ಕೊಟ್ಟ ಮನೆಯೂ ಹೋಗುತ್ತದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಒಂದು ಚೊಂಬು ನೀರು ತಂದು ಚಿತ್ರದ ಮೇಲೆ ಸುರಿದು ಒರೆಸಿಬಿಟ್ಟರು. "ಓದಿರೋನು ನೀನು," ಎಂದರು ನನಗೆ. "ಇದನ್ನ ಮಾತ್ರ ಎಲ್ಲೂ ಬರೀಬ್ಯಾಡ."

ನಾನು ಬರೆದೆ. ಗಂಡಿಲ್ಲದೆ ವಿವರಣೆ ಪೂರ್ಣವಾಗುತ್ತಿರಲಿಲ್ಲ, ರಜೆ ಮುಗಿದಿತ್ತು, ಇನ್ನೊಂದು ಸೀಸೆ ತರಲು ಅಪ್ಪನಿಗೆ ಹೇಳುವ ಮುಖ ನನಗಿರಲಿಲ್ಲ. ಚುಕ್ಕಿ ಗೆರೆಯಲ್ಲಿ ಬರೆದಿದ್ದರೂ ಒಂದು ಮರ್ಯಾದೆಯಿತ್ತು. ನಾನು ಪೂರ್ಣ ಗೆರೆಯಲ್ಲಿ ಬರೆದೆ, ಮುರಿದ ತುದಿಯನ್ನೂ ಬಿಡದೆ.

ಪ್ರಾಧ್ಯಾಪಕರು ಚಿತ್ರವನ್ನು ಬಹಳ ಹೊತ್ತು ನೋಡಿ, ಗಂಡಿನ ಸ್ಲೈಡ್ ಎಲ್ಲಿ ಎಂದು ಕೇಳಿದರು. ರೈಲಿನಲ್ಲಿ ಒಡೆದುಹೋಯಿತೆಂದು ಸುಳ್ಳು ಹೇಳಿದೆ. ಅವರು, ನಾನು ಕಟ್ಟಿ ತಂದಿದ್ದ ಸೀಸೆಯನ್ನು ತರಿಸಿ, ರುಜುವಿನ ಚೀಟಿಯನ್ನು ಪರೀಕ್ಷಿಸಿ, ತಾವೇ ಹರಿದು ಬಿಚ್ಚಿದರು. ಎರಡು ದಿನ ಹನಿ ಹನಿಯಾಗಿ ನೋಡಿದರು. ಎರಡನೆಯ ದಿನ ಒಂದು ಗಂಡು ಸಿಕ್ಕಿತು. ಕ್ರಮದಂತೆ ಬಿಸಿ ತಾಗಿಸಿ ಕೊಂದು, ಗಾಜಿನ ಮೇಲಿಟ್ಟು, ಒಂದು ತಾಸಿನ ನಂತರ ನನ್ನನ್ನು ಕರೆದರು.

ಎಡಗಡೆಯ ಕತ್ತಿ ಗಿಡ್ಡವಾಗಿತ್ತು. ಒಂದು ಪಕ್ಕಕ್ಕೆ ಆರು ಉಬ್ಬು, ಇನ್ನೊಂದಕ್ಕೆ ಐದು. ಗಿಡ್ಡ ಕತ್ತಿಯ ತುದಿ ಮುರಿದಿತ್ತು.

ನಾನು ಗೆದ್ದೆನೆಂದು ಒಂದು ಕ್ಷಣ ಅಂದುಕೊಂಡೆ. ಅದುವರೆಗೆ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದ ಅವರು ಅಂದು ಬಹುವಚನ ಬಳಸಿದರು.

"ಕತ್ತಿ ಗಿಡ್ಡವಾಗಿರುವುದು ಜಾತಿಯ ಲಕ್ಷಣ ಇರಬಹುದು. ಮುರಿದಿರುವುದು ಈ ಒಂದು ಹುಳುವಿನ ಲಕ್ಷಣ. ನೀವು ಬರೆದಿರುವುದು ಜಾತಿಯನ್ನಲ್ಲ, ಇದನ್ನೇ. ಇದನ್ನು ಯಾವಾಗ ನೋಡಿದಿರಿ, ಸೀಸೆಯೊಳಗೆ ಮತ್ತೆ ಯಾವಾಗ ಹಾಕಿದಿರಿ?"

ಎಲ್ಲಿಂದಲೋ ತಂದ ಹುಳುವನ್ನು ಗಣಿಯ ನೀರಿಗೆ ಬಿಟ್ಟು ನಾನು ನಾಟಕವಾಡಿದ್ದೇನೆಂದು ಅವರು ತಿಳಿದರು. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ. ನಿಜ ಹೇಳಿದರೆ ಅಪ್ಪನ ಹೆಸರು ಬರುತ್ತಿತ್ತು. ಅದು ಗಣಿಯ ಕಚೇರಿಗೆ ಮುಟ್ಟಲು ಹೆಚ್ಚು ದಿನ ಬೇಕಿರಲಿಲ್ಲ. ಕಾಣದೆ ಇದ್ದುದನ್ನು ಬರೆದೆ, ತಪ್ಪಾಯಿತು ಎಂದಷ್ಟೇ ಹೇಳಿದೆ. ಆ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯಿತು. ವಿವರಣೆ ಎಲ್ಲಿಯೂ ಅಚ್ಚಾಗಲಿಲ್ಲ.

ಊರಿಗೆ ಬಂದು ಅಪ್ಪನಿಗೆ ನಡೆದದ್ದನ್ನು ತಿಳಿಸಿದೆ. ನನ್ನ ಕೆಲಸದ ಬಗ್ಗೆ ಬೈಯುವರೆಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಜೀವ ಇತ್ತೇನ್ಲಾ ಅದ್ಕೆ?"

ಕೊಲ್ಲದೆ ನೋಡಲು ಬರುವುದಿಲ್ಲ ಎಂದೆ. ಅಪ್ಪ ತಲೆಯಾಡಿಸಿದರು. ಮರುದಿನ ಶಿಫ್ಟಿನ ಸಿಳ್ಳೆ ಕೂಗಿದಾಗ ಅವರು ಏಳಲಿಲ್ಲ. ಮೈ ಬಿಸಿಯಿರಲಿಲ್ಲ, ನೋವೆಂದೂ ಹೇಳಲಿಲ್ಲ. ಅಮ್ಮ ಎಷ್ಟು ಕೇಳಿದರೂ, "ಇನ್ನು ನಾನು ಇಳಿಯಾಕಿಲ್ಲ" ಎಂದಷ್ಟೇ ಅಂದರು.

ನಾನು ಇದನ್ನು ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದೇನೆ. ಟ್ರಂಕಿನ ಬೀಗವನ್ನು ನಾನು ಎಂದಾದರೂ ಮರೆತಿದ್ದಿರಬಹುದು. ಪುಸ್ತಕದ ಯಾವುದೋ ಗಂಡಿನ ಚಿತ್ರ ಅಪ್ಪನ ಕಣ್ಣಿಗೆ ಬಿದ್ದಿರಬಹುದು. ಆದರೆ ಮುರಿದ ತುದಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಪ್ಪನ ಚಿತ್ರ ಮನಸ್ಸಿನಲ್ಲಿದ್ದುದರಿಂದ ನನಗೆ ಹಾಗೆ ಕಂಡಿತೆನ್ನೋಣವೆಂದರೆ, ಪ್ರಾಧ್ಯಾಪಕರಿಗೂ ಅದೇ ಕಂಡಿತ್ತು.

ಅಪ್ಪ ಗಣಿಯ ಕೆಲಸ ಬಿಟ್ಟ ಮೇಲೆ ಉರಿಗಾಂನ ಮನೆಯನ್ನು ಖಾಲಿ ಮಾಡಿದೆವು. ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದೆ ಬಾಡಿಗೆಯ ಎರಡು ಕೋಣೆಗಳಿಗೆ ಬಂದೆವು. ಅಪ್ಪ ಒಂದು ಮರದ ಡಿಪೋದಲ್ಲಿ ಕಡಿಮೆ ಕೂಲಿಗೆ ಸೇರಿದರು. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿ ಮನೆ ನಡೆಯತೊಡಗಿತು. ಗಣಿಯ ದೂಳಿಗೆ ಅಮ್ಮನಿಗೆ ಹತ್ತಿದ್ದ ಕೆಮ್ಮು ವಾಸಿಯಾಯಿತು. ಮನೆಗೆ ಕರೆಂಟು ಬಂದಂದಿನಿಂದ ಅಪ್ಪ ಮಲಗುವ ಕೋಣೆಯ ದೀಪವನ್ನು ನಾವು ರಾತ್ರಿಯಿಡೀ ಆರಿಸುವುದಿಲ್ಲ.