ಮೇಣದಕ್ಕ ಬಿಚ್ಚಿಟ್ಟ ವಪೆ

ಮೇಣದಕ್ಕನಿಗೆ ವೈದ್ಯಕೀಯ ಕಾಲೇಜು ಹನ್ನೊಂದು ಭ್ರೂಣಗಳ ಕೂಲಿ ಇನ್ನೂ ಬಾಕಿ ಉಳಿಸಿಕೊಂಡಿದೆ. ಮೇಣದ ಭ್ರೂಣಗಳು. ಅಂಗರಚನೆಯ ಪಾಠಕ್ಕೆ ಇಡುವ ಮಾದರಿಗಳನ್ನು ಅವಳು ಮೂವತ್ತು ವರ್ಷ ಮಾಡಿದಳು. ಕಡತದಲ್ಲಿ ಮಾತ್ರ ಕೊನೆಯವರೆಗೂ ಕಸ ಗುಡಿಸುವವಳು. ಕೇಳಿದರೆ, "ಅಂಥ ಹುದ್ದೆಯೇ ನಮ್ಮಲ್ಲಿ ಇಲ್ವಲ್ಲ" ಎನ್ನುತ್ತಾರೆ. ಹುದ್ದೆ ಇಲ್ಲ, ಸರಿ. ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿರುವವು ತಾವಾಗಿಯೇ ಹುಟ್ಟಿದವೇ?

ಏಳನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಹತ್ತೊಂಬತ್ತಕ್ಕೆ ಪೊರಕೆ ಹಿಡಿದು ಕಾಲೇಜಿನ ಮಾದರಿಗಳ ಕೋಣೆಗೆ ಕಾಲಿಟ್ಟಳು. ಒಂಬತ್ತು ವರ್ಷದ ಮೇಲೆ ಹಳೆಯ ಮಾದರಿಗಾರನ ಕೈ ನಡುಗತೊಡಗಿತು. ಅವನು ತನ್ನ ಚಾಕುವನ್ನು ಇವಳಿಗೆ ಕೊಟ್ಟ. ಕೆಲಸ ಹೀಗೆ: ಕಾಳಿನಷ್ಟಿರುವ ಭ್ರೂಣವನ್ನು ಯಂತ್ರದಲ್ಲಿ ತೆಳ್ಳಗೆ ಹೆಚ್ಚಿ ಗಾಜಿನ ಪಟ್ಟಿಗಳ ಮೇಲೆ ಕೂರಿಸಿರುತ್ತಾರೆ. ಆ ಹೋಳುಗಳ ಚಿತ್ರವನ್ನು ಐವತ್ತು ಪಟ್ಟು ದೊಡ್ಡದು ಮಾಡಿ ಮೇಣದ ಹಾಳೆಯ ಮೇಲೆ ಬರೆದು, ಗೆರೆಗುಂಟ ಕತ್ತರಿಸಿ, ಒಂದರ ಮೇಲೊಂದು ಪೇರಿಸಬೇಕು. ನೂರಿಪ್ಪತ್ತೈದು ಹಾಳೆ ಪೇರಿಸಿದರೆ ಗೇಣುದ್ದದ ಒಂದು ಭ್ರೂಣ.

ಮೊದಲ ವರ್ಷವೇ ಎಡವಟ್ಟಾಯಿತು. ಗಾಜಿನ ಪಟ್ಟಿಗಳನ್ನೆಲ್ಲ ಮಗುಚಿಟ್ಟುಕೊಂಡು ಬರೆದಿದ್ದಳು. ಮೂರು ತಿಂಗಳು ಬೆನ್ನು ಬಗ್ಗಿಸಿ ಮುಗಿಸಿ ನೋಡಿದರೆ ಯಕೃತ್ತು ಎಡಕ್ಕೆ ಹೋಗಿ ಕುಳಿತಿತ್ತು. ಅಂಟಿಸಿಬಿಟ್ಟಿದ್ದರಿಂದ ಒಡೆದು ಕರಗಿಸದೆ ಗತಿಯಿರಲಿಲ್ಲ. ಆಮೇಲೆ ಅವಳು ಅಂಟು ಮುಟ್ಟಲಿಲ್ಲ. ಹಾಳೆಗಳ ಅಂಚಿನಲ್ಲಿ ಸಂಖ್ಯೆ ಕೊರೆದು, ನಡುವೆ ಎರಡು ತಂತಿ ಪೋಣಿಸಿ ನಿಲ್ಲಿಸುತ್ತಿದ್ದಳು. "ಅನುಮಾನ ಬಂದೋರು ಬಿಚ್ಚಿ ನೋಡ್ಕೊಳ್ಳಲಿ" ಎನ್ನುತ್ತಿದ್ದಳು.

ಪ್ರಾಧ್ಯಾಪಕರು ತಡವಾಗಿ ಬಂದ ದಿನ ಪಾಠವೂ ಅವಳದೇ. "ಮೂಳೆ ಹುಟ್ಟುವಾಗಲೇ ಮೂಳೆ ಅಂದ್ಕೊಂಡ್ರಾ? ನಿಮ್ಮ ಕಿವಿಯ ಮೇಲ್ಭಾಗ ಬಗ್ಗಿಸಿ ನೋಡಿ. ಕೈಕಾಲು, ಬೆನ್ನು, ಪಕ್ಕೆಲುಬು ಎಲ್ಲ ಮೊದಲು ಇದೇ ಥರ, ಮೃದ್ವಸ್ಥಿಯ ಅಚ್ಚು. ಆ ಅಚ್ಚನ್ನ ತಿಂದು ಮೂಳೆ ಕೂರುತ್ತೆ. ಈ ಕೊರಳೆಲುಬು ಇದೆಯಲ್ಲ, ಇದಕ್ಕೆ ಅಚ್ಚಿಗೆಲ್ಲ ಕಾಯೋ ತಾಳ್ಮೆ ಇಲ್ಲ. ಗಟ್ಟಿಯಾಗೋಕೆ ಎಲ್ಲರಿಗಿಂತ ಮೊದಲು ಶುರು, ಮುಗಿಯೋದು ಎಲ್ಲರಿಗಿಂತ ಕೊನೆಗೆ. ನಮ್ಮ ಹೊಸ ಹಾಸ್ಟೆಲ್ ಕಟ್ಟಡದ ಹಾಗೆ."

ಇಂಥವಳ ಬಳಿಗೆ ನಾನು ಹೋದದ್ದು ಗಿಡ್ಡಿಯ ಕಾರಣಕ್ಕೆ. ಗಿಡ್ಡಿ ಎಂದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಹೊರುತ್ತಿದ್ದ ಹೆಂಗಸು. ಅವಳ ಕೂಸು ಹುಟ್ಟಿ ಮೂರು ಗಂಟೆ ಬದುಕಿತ್ತು. ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಪರದೆ, ವಪೆ, ಎಡಗಡೆ ತೂತಾಗಿತ್ತು. ಕರುಳು ಎದೆಗೂಡಿಗೆ ಏರಿ ಶ್ವಾಸಕೋಶ ಬೆಳೆಯಲು ಜಾಗವೇ ಇರಲಿಲ್ಲ ಎಂದು ವರದಿ ಬಂತು. "ಬುಟ್ಟಿ ಎತ್ತಿ ಎತ್ತಿ ಹರಿದುಕೊಂಡಳು" ಎಂದು ಅತ್ತೆ ಶುರುಮಾಡಿದಳು. ಗಂಡ ದಿಂಬು ಎತ್ತಿಕೊಂಡು ಹೊರಕೋಣೆಗೆ ಹೋದ. ಲಾಂಡ್ರಿಯ ಮೇಲ್ವಿಚಾರಕ ಅದನ್ನೇ ಕಡತಕ್ಕೆ ಏರಿಸಿದ: ತುಂಬು ಗರ್ಭಿಣಿಯು ಸ್ವಂತ ಅಜಾಗರೂಕತೆಯಿಂದ ಭಾರ ಎತ್ತಿ ಶಿಶುವಿಗೆ ಹಾನಿ ಮಾಡಿಕೊಂಡಿದ್ದಾಳೆ, ಕೆಲಸಕ್ಕೆ ಅನರ್ಹಳು. ಆ ವಾಕ್ಯ ನಿಂತರೆ ಗಿಡ್ಡಿಯ ಅನ್ನವೂ ಹೋಯಿತು, ಕೂಸನ್ನು ಕೊಂದವಳೆಂಬುದಕ್ಕೆ ಮೊಹರೂ ಬಿತ್ತು.

ಅದರ ವಿಚಾರಣೆಗೆ ಆಸ್ಪತ್ರೆ ನೌಕರರ ಸಂಘದ ಪರವಾಗಿ ಹೋಗಬೇಕಾದವನು ನಾನು. ನನಗೆ ಘೋಷಣೆ ಕೂಗಲು ಗೊತ್ತು, ವಪೆ ಗೊತ್ತಿಲ್ಲ. ಮೇಣದಕ್ಕ ಎರಡು ಮಾದರಿಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟುಕೊಂಡು ನನ್ನ ಹಿಂದೆಯೇ ಬಂದಳು.

ವಿಚಾರಣೆಗೆ ಕೂತಿದ್ದ ಆಸ್ಪತ್ರೆಯ ಅಧೀಕ್ಷಕರು ಶಸ್ತ್ರವೈದ್ಯರು. ಮೊದಲ ಮಾದರಿ ನೋಡಿದವರೇ ನಕ್ಕರು. "ಏನಮ್ಮ, ವಪೆ ಕೊರಳಲ್ಲಿದೆ! ಹಾಳೆ ಹಿಂದುಮುಂದಾಗಿದೆ."

ಅವಳು ತಂತಿ ಎಳೆದು ಹಾಳೆಗಳನ್ನು ಅವರ ಮುಂದೆ ಹರಡಿದಳು. "ನಂಬರ್ ಇದೆ, ಎಣಿಸಿ ಸರ್."

ಅವರು ಎಣಿಸಿದರು. ಒಂದೂ ತಪ್ಪಿರಲಿಲ್ಲ.

"ಇದು ನಾಲ್ಕನೇ ವಾರದ್ದು ಸರ್. ವಪೆಯ ಬುಡ ಹುಟ್ಟೋದೇ ಕೊರಳ ಹತ್ತಿರ. ಬೆನ್ನು ಭರಭರ ಬೆಳೆಯುತ್ತೆ, ಇದು ಕೆಳಗಾಗುತ್ತೆ. ಕೊರಳಿನ ನರ ಕೈಬಿಡದೆ ಜೊತೆಗೇ ಇಳಿಯುತ್ತೆ. ಎದೆ ಬಿಚ್ಚಿದಾಗ ಗುಂಡಿಗೆ ಪಕ್ಕ ಆ ನರ ನೀವೇ ನೋಡಿರ್ತೀರಲ್ಲ?"

"ಹೌದು," ಎಂದರು ಅಧೀಕ್ಷಕರು. "ಓದಿ ಬಹಳ ವರ್ಷವಾಯ್ತು."

ಎರಡನೆಯದು ಎಂಟನೇ ವಾರದ್ದು. ಅವಳು ಅದನ್ನು ಅಧೀಕ್ಷಕರಿಗಲ್ಲ, ಸಾಕ್ಷಿ ಹೇಳಲು ಬಂದಿದ್ದ ಅತ್ತೆಯ ಕೈಗೆ ಕೊಟ್ಟಳು. "ನೋಡಮ್ಮ, ಇದು ಒಂದೇ ತುಂಡಿನ ಬಟ್ಟೆ ಅಲ್ಲ. ನಾಲ್ಕು ಕಡೆಯಿಂದ ಬಂದು ಸೇರಿಕೊಳ್ಳುತ್ತೆ. ಕೊನೆಗೆ ಬೆನ್ನ ಕಡೆ ಎರಡು ಕಿಂಡಿ ಉಳಿಯುತ್ತೆ. ಬಲಗಡೆದು ಮೊದಲು ಮುಚ್ಚುತ್ತೆ, ಎಡಗಡೆದು ಆಮೇಲೆ. ನಿಮ್ಮ ಕೂಸಿಗೆ ಆ ಎಡಗಡೆದು ಮುಚ್ಚಲೇ ಇಲ್ಲ. ಹರಿದಿದ್ದಲ್ಲ."

"ಯಾಕೆ ಮುಚ್ಚಲಿಲ್ಲ?"

"ಗೊತ್ತಿಲ್ಲಮ್ಮ. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಒಂಬತ್ತನೇ ತಿಂಗಳಲ್ಲಿ ಎತ್ತಿದ ಬುಟ್ಟಿ ಎರಡನೇ ತಿಂಗಳಿಗೆ ವಾಪಸ್ ಹೋಗಿ ಕಿಂಡಿ ತೆಗೆಯಲ್ಲ."

ಮೇಲ್ವಿಚಾರಕ ಎದ್ದು ನಿಂತ. "ಎರಡನೇ ತಿಂಗಳಲ್ಲೂ ಎತ್ತುತ್ತಾ ಇದ್ದಳಲ್ಲ!"

"ಎತ್ತು ಅಂದೋರು ಯಾರಪ್ಪ?"

ಅವನು ಮತ್ತೆ ಕುಳಿತುಕೊಂಡ.

"ಭಾರವೇ ತೂತು ಮಾಡಿದ್ದಾದ್ರೆ ಹೊರಿಸಿದ ನಿನ್ನ ಹೆಸರು ಬರೆದುಕೋ. ಮಾಡಿಲ್ಲ ಅಂದ್ರೆ ಇವಳ ಹೆಸರು ಹೊಡೆದುಹಾಕು. ಎರಡರಲ್ಲಿ ಒಂದು. ನಾನು ಕೂತಿರ್ತೀನಿ. ನೆಲ ಎಲ್ಲ ಗುಡಿಸಿಯೇ ಬಂದಿದ್ದೀನಿ."

ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು. ಕಾಲು ಗಂಟೆ ಕಳೆಯಿತು. ಅಧೀಕ್ಷಕರು ಪೆನ್ನು ತೆಗೆದು ಆ ವಾಕ್ಯಕ್ಕೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಸಹಿಯನ್ನೂ ಹಾಕಿಸಿಕೊಂಡೆವು. ಸೋಮವಾರ ಗಿಡ್ಡಿ ಕೆಲಸಕ್ಕೆ ಹೋದಳು.

ವಿಚಾರಣೆ ಮುಗಿದ ದಿನ, ಗಿಡ್ಡಿಯ ಜೊತೆ ಹೊರಗೆ ಬಂದ ಅತ್ತೆ ಮೆಟ್ಟಿಲ ಮೇಲೆ ನಿಂತಳು. ಕ್ಷಮೆ ಕೇಳುವ ಪೈಕಿಯಲ್ಲ ಅವಳು. "ನನ್ನ ಮೊದಲನೇದು ಹೋದಾಗ ಏಣಿ ಹತ್ತಿದ್ದಕ್ಕೇ ಹೋಯ್ತು ಅಂದಿದ್ರು," ಎಂದಳು. ನಲವತ್ತು ವರ್ಷ ಅದನ್ನು ನಂಬಿಕೊಂಡೇ ಬಂದಿದ್ದಳು.

"ಯಾರಂದ್ರು?" ಎಂದಳು ಗಿಡ್ಡಿ.

"ಎಲ್ಲರೂ."

ಆ ಎಲ್ಲರಲ್ಲಿ ನಾನಿದ್ದೇನೆ. ನನ್ನ ತಂಗಿಯ ಬಸಿರು ಹೋದಾಗ, ಬಸ್ಸಿನಲ್ಲಿ ಯಾಕೆ ಅಲೆದೆ ಎಂದು ಅವಳನ್ನು ಕೇಳಿದವನು ನಾನೇ. ಆ ವಾರವೇ ಅವಳ ಮನೆಗೆ ಹೋಗಿ, ಅವಳ ಗಂಡನ ಮನೆಯವರೆಲ್ಲರ ಎದುರು, ನಾನಾಡಿದ್ದು ತಪ್ಪು ಎಂದು ಹೇಳಿ ಬಂದೆ. ಅವಳು ನನಗೆ ಕುಡಿಯಲು ನೀರೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಆ ಎಲ್ಲರಲ್ಲಿ ನೀವೂ ಇದ್ದೀರಿ. ಏನು ಎತ್ತಿದೆ, ಎಲ್ಲಿ ಹತ್ತಿದೆ ಎಂದು ಯಾವ ಹೆಂಗಸನ್ನು ಕೇಳಿದ್ದಿರೋ ಅವಳ ಮುಖ ಈಗ ನಿಮ್ಮ ಕಣ್ಣ ಮುಂದಿದೆ. ಪುಸ್ತಕ ಮುಚ್ಚಿ. ಇವತ್ತೇ ಅವಳ ಮನೆಗೆ ಹೋಗಿ, ಯಾರೆದುರು ಆ ಮಾತು ಆಡಿದ್ದಿರೋ ಅವರೆದುರೇ ಅದನ್ನು ವಾಪಸ್ ತೆಗೆದುಕೊಳ್ಳಿ.