ನಮ್ಮ ಬೋರ್ಡಿಂಗಿನ ಗಂಟಿ

ಹೊಸ ಗೋಣಿಚೀಲಕ್ಕೆ ಒಂದು ವಾಸನೆ ಇರುತ್ತದೆ. ಸೆಣಬು, ಎಣ್ಣೆ, ಒಂದಿಷ್ಟು ಧೂಳು ಕೂಡಿದ ವಾಸನೆ. ಮೊನ್ನೆ ಉಮರ್ಗಾದ ನನ್ನ ಬಟ್ಟೆ ಅಂಗಡಿಯ ಪಕ್ಕದ ಕಿರಾಣಿಯವರು ಟೆಂಪೊದಿಂದ ಖಾಲಿ ಚೀಲದ ಕಟ್ಟುಗಳನ್ನು ಇಳಿಸಿ ನನ್ನ ಕಟ್ಟೆಯ ಮೇಲೆಯೇ ಒಟ್ಟಿದರು. ಬೈಯಬೇಕೆಂದು ಎದ್ದವನು ವಾಸನೆ ಮೂಗಿಗೆ ಬಡಿದದ್ದೇ ಸುಮ್ಮನೆ ಕುಳಿತುಬಿಟ್ಟೆ. ಉದಗೀರದ ಬೋರ್ಡಿಂಗಿನಲ್ಲಿ ನಾವು ಉಣ್ಣಲು ಕೂಡುತ್ತಿದ್ದುದು ಇಂಥ ಗೋಣಿತಟ್ಟಿನ ಮೇಲೆ. ಅವನ್ನು ಊರಿಂದ ಹೊತ್ತು ತರುತ್ತಿದ್ದವನು ಮುರುಮ ಎಂಬ ಊರಿನ ಅಡತಿ ಅಂಗಡಿಯ ಗುಮಾಸ್ತರ ಮಗ, ನನ್ನ ಮಗ್ಗುಲಿಗೇ ಹಾಸಿಗೆ ಹಾಸುತ್ತಿದ್ದ ಗೆಳೆಯ...

ಅದು ಮಠದ ಬೋರ್ಡಿಂಗು. ಅಲ್ಲಿಯ ಗಂಟೆ ಒಡೆದುಹೋಗಿತ್ತು, ಬಾರಿಸಿದರೆ ಹಳೆಯ ಡಬ್ಬಿ ಬಡಿದಂತಾಗುತ್ತಿತ್ತು. ಹೊಸದು ತರುವ ಮಾತು ಪ್ರತಿ ವರ್ಷ ಬರುತ್ತಿತ್ತು, ಹೋಗುತ್ತಿತ್ತು. ಅಷ್ಟರಲ್ಲಿ ಬೋರ್ಡಿಂಗು ನೋಡಿಕೊಳ್ಳುತ್ತಿದ್ದ ರೆಕ್ಟರ್ ಸರ್ ನನ್ನ ಈ ಗೆಳೆಯನ ಗಂಟಲನ್ನು ಪತ್ತೆ ಮಾಡಿದರು. ಅಡಿಗೆಮನೆಯ ಮೆಟ್ಟಿಲ ಮೇಲೆ ನಿಂತು "ಪ್ರಸಾದಕ್ಕ ಬರ್ರ್ಯೋ..." ಎಂದು ಇವನು ಕೂಗಿದರೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದವರು ಸಾಬೂನು ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. ಅಂದಿನಿಂದ ಅವನ ಹೆಸರೇ ಗಂಟಿ ಎಂದಾಯಿತು. ಮೆಲ್ಲಗೆ ಮಾತಾಡುವುದು ಆ ಪುಣ್ಯಾತ್ಮನಿಗೆ ಬರುತ್ತಲೇ ಇರಲಿಲ್ಲ. ಪರೀಕ್ಷೆಯಲ್ಲಿ ನನಗೆ ಪಿಸುಗುಟ್ಟಿ ಹೇಳಿದ ಉತ್ತರ ಮೂರು ಬೆಂಚು ಆಚೆ ಕುಳಿತವನೂ ಬರೆದುಕೊಂಡಿದ್ದ.

ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರು ಕುಡಿದೇ ಏಳಬೇಕು ಎಂಬುದು ಅಲ್ಲಿಯ ನಡೆ. ಪ್ರಸಾದದ ಒಂದು ಅಗುಳೂ ನೆಲಕ್ಕೆ ಬೀಳಬಾರದು. ಹೊಸದಾಗಿ ಬಂದವರು ಮುಖ ಸಿಂಡರಿಸಿದರೆ ಗಂಟಿ ತನ್ನ ತಾಟು ಎತ್ತಿ ಗಟಗಟ ಕುಡಿದು, "ಅಮೃತ ಅದಲೇ, ಕುಡಿ!" ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳುತ್ತಿದ್ದ. ನಗು ಬಂದು ನೀರು ನೆತ್ತಿಗೇರುತ್ತಿತ್ತು.

ನಮ್ಮ ಊರುಗಳೆಲ್ಲ ಮಹಾರಾಷ್ಟ್ರಕ್ಕೆ ಸೇರಿದವು, ಶಾಲೆಯೆಲ್ಲ ಮರಾಠಿಯಲ್ಲಿ. ಜಗಳ, ಬೈಗುಳ, ಮನೆಯ ನೆನಪಾಗಿ ಅಳುವುದು ಮಾತ್ರ ಕನ್ನಡದಲ್ಲಿ. ಕನ್ನಡ ಓದಲು ಬರೆಯಲು ನಮಗೆ ಯಾರಿಗೂ ಬರುತ್ತಿರಲಿಲ್ಲ. ನಾನು ಈ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಕರ್ನಾಟಕದ ಆಳಂದದಿಂದ ಬಂದ ಹೆಂಡತಿಯ ಕೈಯಲ್ಲಿ ಬೈಸಿಕೊಂಡು. ಉಳಿದ ಗೆಳೆಯರಿಗೆ ಆ ಭಾಗ್ಯವೂ ಇಲ್ಲ.

ದೊಡ್ಡವರಾದ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಾದೆವು. ಗಂಟಿ ಉದಗೀರದಲ್ಲೇ ಉಳಿದು ಕಾಳಿನ ಬಜಾರದಲ್ಲಿ ಹರಾಜಿನ ಸವಾಲು ಕೂಗುವವನಾದ. ದೇವರು ಕೊಟ್ಟ ದನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಎಲ್ಲಿ ಸಿಗಬೇಕು? ತೊಗರಿಯ ರಾಶಿಯ ಪಕ್ಕ ನಿಂತು, ಒಂದು ಕೈ ಮೇಲೆತ್ತಿ ಅವನು ದರ ಕೂಗುವುದನ್ನು ನಾನೂ ಒಮ್ಮೆ ನಿಂತು ನೋಡಿದ್ದೆ. ಸುತ್ತಲಿನ ವ್ಯಾಪಾರಿಗಳು ಅವನ ಬಾಯಿಯನ್ನೇ ನೋಡುತ್ತಿದ್ದರು. ಎರಡು ರಾಶಿಗಳ ನಡುವೆ ಜೇಬಿನಿಂದ ಗುಟ್ಕಾ ತೆಗೆದು ಬಾಯಿಗೆ ಸುರಿದುಕೊಂಡ. ನಾನು ಕಣ್ಣು ಕೆಂಪು ಮಾಡಿದರೆ "ಗಂಟಲ ಒಣಗತದಪಾ, ಏನ್ ಮಾಡ್ಲಿ" ಎಂದು ನಕ್ಕ.

ಆಮೇಲೆ ವರ್ಷಗಳು ಹೋದವು. ನಿಲಂಗಾದ ಗೆಳೆಯನೊಬ್ಬ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವನು, ನಮ್ಮನ್ನೆಲ್ಲ ಹುಡುಕಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದ. ಮರಾಠಿಯಲ್ಲಿ ಬರೆದರೆ ಸರಕಾರಿ ನೋಟೀಸಿನಂತಿರುತ್ತದೆ, ಕನ್ನಡ ಬರೆಯಲು ಬರುವುದಿಲ್ಲ. ಹಾಗಾಗಿ ಎಲ್ಲರೂ ದನಿಯನ್ನೇ ಕಳಿಸುತ್ತಿದ್ದರು. ಬೆಳಗಾದರೆ ಸುದ್ದಿಯ ಸುರಿಮಳೆ. ಒಬ್ಬನ ಮಗಳು ಲಾತೂರಿನಲ್ಲಿ ನರ್ಸ್ ಆದಳು, ಇನ್ನೊಬ್ಬನಿಗೆ ಶುಗರ್ ಹಿಡಿಯಿತು, ಜಳಕೋಟದವನು ಮೂವತ್ತು ವರ್ಷಗಳ ಮಾಸ್ತರಿಕೆಗೆ ಬೇಸತ್ತು ಕೂತಿದ್ದ. ಗಂಟಿ ಮಾತ್ರ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದ. "ಏ ಗಂಟಿ, ದೊಡ್ಡ ಮನಷ್ಯಾ ಆಗಿಯೇನಲೇ? ಒಂದ ಸಲ ಕೂಗೋ!" ಎಂದು ನಿಲಂಗಾದವನು ಕೆಣಕುವುದೇ ಕೆಣಕುವುದು. ಮತ್ತೆ ಅದೇ ಕೈಮುಗಿದ ಚಿತ್ರ ಬರುತ್ತಿತ್ತು.

ಹೋದ ವರ್ಷ ಒಂದು ಮದುವೆಗೆಂದು ಉದಗೀರಕ್ಕೆ ಹೋದಾಗ ಬಜಾರಕ್ಕೆ ಕಾಲು ಹಾಕಿದೆ. ಬೇರೆ ಯಾರೋ ಸವಾಲು ಕೂಗುತ್ತಿದ್ದರು. ಕೇಳಿದರೆ ಅಂಗಡಿಯವರು ಮುಖ ತಗ್ಗಿಸಿ, "ಅವರು ಈಗ ಬರಂಗಿಲ್ರೀ, ಮನ್ಯಾಗೇ ಇರ್ತಾರ" ಎಂದರು.

ಮನೆಯ ಬಾಗಿಲಲ್ಲಿ ನನ್ನನ್ನು ಕಂಡು ಗಂಟಿ ಎದ್ದು ಬಂದ. ಬಾಯಿ ಆಡಿತು, ದನಿ ಬರಲಿಲ್ಲ. ಕೊರಳಿಗೆ ಬಿಳಿ ವಸ್ತ್ರ ಕಟ್ಟಿತ್ತು, ಅದರ ಹಿಂದಿನಿಂದ ಉಸಿರು ಸುಂಯ್ ಎನ್ನುತ್ತಿತ್ತು. ಕ್ಯಾನ್ಸರ್ ಆಗಿ ಸೋಲಾಪುರದಲ್ಲಿ ದನಿಯ ಪೆಟ್ಟಿಗೆಯನ್ನೇ ತೆಗೆದಿದ್ದರು. ಗುಂಪು ಕಟ್ಟುವ ಮೊದಲೇ ಅದು ಆಗಿಹೋಗಿತ್ತು.

ಅವನ ತುಟಿ ನೋಡಿ ಅವನ ಹೆಂಡತಿ ಅವನ ಮಾತನ್ನು ಹೇಳುತ್ತ ಹೋದಳು. "ಉಮರ್ಗಾದಾಗ ಅಂಗಡಿ ಹ್ಯಾಂಗ ನಡದದ ಅಂತ ಕೇಳ್ತಾರ ಅಣ್ಣಾ... ತಲಿಕೂದಲಾ ಎಲ್ಲಾ ಬೆಳ್ಳಗಾಗ್ಯಾವಲ್ಲ ಅಂತಾರ." ಅವನು ನಗುತ್ತಿದ್ದ. ನಾನು ನಗಲು ನೋಡಿದೆ, ಆಗಲಿಲ್ಲ. ಗೆಳೆಯರೆಲ್ಲ ಕೂಡಿ ಬರುತ್ತೇವೆ, ಅವರಿಗೆ ಹೇಳುತ್ತೇನೆ ಎಂದೆ. ಗಂಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ತುಟಿಗಳು ಬೇಗಬೇಗ ಆಡಿದವು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾರಿಗೂ ಹೇಳಬ್ಯಾಡ ಅಂತಾರ. ಅವರ ಕಿವ್ಯಾಗರೆ ನನ್ನ ದನಿ ಇದ್ದಂಗೇ ಇರ್ಲಿ ಅಂತಾರ."

ಹೇಳುವುದಿಲ್ಲ ಎಂದು ಅವನ ಕೈಮೇಲೆ ಕೈ ಇಟ್ಟೆ. ಊಟಕ್ಕೆ ಕೂತಾಗ ನನಗೆ ರೊಟ್ಟಿ, ಅವನಿಗೆ ತೆಳ್ಳಗಿನ ಅಂಬಲಿ. ಕಷ್ಟಪಟ್ಟು ನುಂಗಿ ಮುಗಿಸಿ, ತಾಟಿಗೆ ನೀರು ಹಾಕಿ ತೊಳೆದು, ಗುಟುಕು ಗುಟುಕಾಗಿ ಕುಡಿದ. ಬಹಳ ಹೊತ್ತು ಹಿಡಿಯಿತು. ನಾನೂ ಕುಡಿದೆ. ಬೀಳ್ಕೊಡಲು ಹೊರಗೆ ಬಂದ ಆತನ ಹೆಂಡತಿ, "ಗಡ್ಡಿ ಮತ್ತ ಎದ್ದದ ಅಣ್ಣಾ. ಡಾಕ್ಟರು ಇನ್ನ ಕರಕೊಂಡ ಬರಬ್ಯಾಡ್ರೀ ಅಂದಾರ" ಎಂದಳು.

ಆಮೇಲೂ ಗುಂಪಿನಲ್ಲಿ ಅವನನ್ನು ಕೆಣಕುವುದು ನಿಲ್ಲಲಿಲ್ಲ. ನಾನು ಕೇಳುತ್ತಿದ್ದೆ, ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮೊಬೈಲು ಟಿಣ್ ಎಂದಿತು. ಗಂಟಿಯ ನಂಬರಿನಿಂದ ದನಿ ಬಂದಿತ್ತು. ಒತ್ತಿ ಕೇಳುವಷ್ಟೂ ತಾಳ್ಮೆ ಇಲ್ಲದೆ ಗೆಳೆಯರು ಗಂಟೆಯ ಚಿತ್ರಗಳನ್ನು ಸಾಲಾಗಿ ಕಳಿಸತೊಡಗಿದರು. ನಿಲಂಗಾದವನ ದನಿ ಕೇಕೆ ಹಾಕಿತು: "ಏ, ಅಂತೂ ಗಂಟಿ ಬಾರಿಸ್ತಲೇ!"

ನನಗೆ ಮಾತ್ರ ಗೊತ್ತಿತ್ತು. ಬೆರಳು ಮುಂದೆ ಹೋಗಲಿಲ್ಲ. ಕಡೆಗೆ ಒತ್ತಿದೆ.

"ನಾ ಅವರ ಮನ್ಯಾಕಿ ಮಾತಾಡ್ಲಿಕತ್ತೀನ್ರೀ... ಅವರು ಹೋದ್ರರೀ. ಇವತ್ತ ಸಂಜಿಕ ಮಣ್ಣು."

ಗಂಟೆಯ ಚಿತ್ರಗಳು ಒಂದೊಂದಾಗಿ ಅಳಿಸಿಹೋದವು.

ಆಮೇಲೆ ಸತ್ಯವೆಲ್ಲ ಎಲ್ಲರಿಗೂ ತಿಳಿಯಿತು. ಅವನು ಬಚ್ಚಿಡಬೇಕೆಂದದ್ದು ಉಳಿಯಲಿಲ್ಲ. ನಿನ್ನೆ ಅವನ ಮಗಳು ಅಪ್ಪನ ನಂಬರಿನಿಂದಲೇ ಗುಂಪಿನಲ್ಲಿ ಕೇಳಿದಳು: "ಕಾಕಾ, ಅಪ್ಪನ ದನಿ ಯಾರ ಮೊಬೈಲಿನ್ಯಾಗರೆ ಅದಯೇನ್ರೀ? ನಮ್ಮ ಹಂತೇಕ ಒಂದೂ ಇಲ್ಲ." ಎಲ್ಲರೂ ಹುಡುಕಿದರು. ಬಜಾರಕ್ಕೆ ಬಜಾರವೇ ದಿನಾ ಕೇಳಿದ ದನಿ, ಹಿಡಿದಿಟ್ಟುಕೊಳ್ಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಜಳಕೋಟದ ಮಾಸ್ತರನ ಹತ್ತಿರ ಒಂದು ಹಳೆಯ ವಿಡಿಯೊ ಸಿಕ್ಕಿತು. ಅದರಲ್ಲಿ ಗಂಟಿ ಕೈ ಎತ್ತಿ, ಬಾಯಿ ತೆರೆದು ಸವಾಲು ಕೂಗುತ್ತಾನೆ. ಆದರೆ ಸ್ಟೇಟಸ್ಸಿಗೆ ಚಂದ ಕಾಣಲೆಂದು ಯಾರೋ ಅವನ ದನಿ ತೆಗೆದು ಸಿನಿಮಾ ಹಾಡು ಕೂಡಿಸಿದ್ದಾರೆ.

ಇವತ್ತು ಅಂಗಡಿಯಲ್ಲಿ ಕುಳಿತು ನನ್ನ ಮೊಬೈಲನ್ನು ಮತ್ತೊಮ್ಮೆ ಜಾಲಾಡಿದೆ. ಏನೂ ಇಲ್ಲ. ಕನ್ನಡದಲ್ಲಿ ಬರೆದರೆ ಆ ಹುಡುಗಿಗೆ ಓದಲು ಬರುವುದಿಲ್ಲ, ಮರಾಠಿಯಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಇಲ್ಲ ಮಗಳೇ ಎಂದು ಹೇಳುವುದಕ್ಕೂ ನನ್ನ ದನಿಯನ್ನೇ ಕಳಿಸಬೇಕಾಯಿತು.