ತೀರ್ಥ ಬಿದ್ದ ಪುಡಿ

ಅಡುಗೆಮನೆ ಬಾಗಿಲಲ್ಲಿ ಕೂತು ನೆನೆದ ಅವರೆಕಾಳು ಹಿತಕುತ್ತಿದ್ದೆ. ಫೋನ್ ಬಂತು. ತಂಗಿಯ ಮಗಳು ಸುಮ.

"ದೊಡ್ಡವ್ವ, ನನ್ ಡಬ್ಬಿಗೆ ಏನ್ ಮಾಡುದ್ರಿ?"

"ಏನೂ ಇಲ್ಲ ಕಣವ್ವ. ದೇವ್ರ ಮುಂದೆ ಮಡಗಿ, ಮುಚ್ಚಳ ತೆಗ್ದು, ಒಂದು ಉದ್ಧರಣೆ ತೀರ್ಥ ಹಾಕ್ದೆ."

ಆ ಕಡೆ ದನಿ ಸಣ್ಣದಾಯಿತು. "ಅದು ಒಣಗಿರ್ಬೇಕಿತ್ತು, ದೊಡ್ಡವ್ವ."

ನೀವೇ ಹೇಳಿ, ಒಳ್ಳೆ ಕೆಲಸಕ್ಕೆ ಹೊರಡುವ ವಸ್ತುವನ್ನು ದೇವರಿಗೆ ತೋರಿಸದೆ ಕಳಿಸುವುದುಂಟೆ? ನಮ್ಮ ಮನೆಯಲ್ಲಿ ಹಾಲ್ ಟಿಕೆಟ್‌ಗೂ ತೀರ್ಥ ಬಿದ್ದಿದೆ, ಹೊಸ ಮಿಕ್ಸಿಗೂ ಬಿದ್ದಿದೆ. (ಪ್ಲಗ್ ಹಾಕುವ ಮೊದಲೇ. ಅಷ್ಟು ಬುದ್ಧಿ ಇದೆ.)

ಸುಮ ಮದ್ದೂರಿನ ನಮ್ಮ ಮನೆಯಲ್ಲಿದ್ದುಕೊಂಡು ಮಂಡ್ಯದ ಕಾಲೇಜಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ. ಬಣ್ಣದ ನೀರನ್ನು ತಿಳಿ ಮಾಡುವ ಪುಡಿಯೊಂದನ್ನು ಲ್ಯಾಬಿನಲ್ಲಿ ತಯಾರಿಸಿದ್ದಳು. ಅವತ್ತು ಅದರ ಪರೀಕ್ಷೆ, ಮಳವಳ್ಳಿ ರಸ್ತೆಯಲ್ಲಿರುವ ನೂರ್‌ಜಹಾನಳ ಶೆಡ್ಡಿನಲ್ಲಿ. ನೂರ್ ನನ್ನ ಹಳೆಯ ಗೆಳತಿ. ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಾಳೆ. ಅವಳ ತೊಟ್ಟಿಯ ನೀರು ಹರಿಯುವುದು ಕೆಳಗಿನ ಜವರಣ್ಣನ ಗದ್ದೆಗೆ. "ಇವತ್ತು ನೀರು ತಿಳಿಯಾಗದಿದ್ದರೆ ಕಾಲುವೆಗೆ ಮಣ್ಣು ಎಳೆಯುತ್ತೇನೆ" ಎಂದಿದ್ದ ಆತ. ಕಾಲುವೆ ಮುಚ್ಚಿದರೆ ಶೆಡ್ಡೂ ಮುಚ್ಚಿದಂತೆ. ನೂರ್ ಮನೆಯ ಒಲೆ ಉರಿಯುವುದು ಆ ಶೆಡ್ಡಿನಿಂದಲೇ.

ಅವರೆಕಾಳನ್ನು ಹಾಗೇ ಬಿಟ್ಟು ಆಟೋ ಹತ್ತಿದೆ. ದಾರಿಯುದ್ದಕ್ಕೂ ವೈದ್ಯನಾಥಸ್ವಾಮಿಯನ್ನು ಬೇಡಿಕೊಂಡಿದ್ದೇ ಬೇಡಿಕೊಂಡಿದ್ದು. ನಿನ್ನ ತೀರ್ಥವೇ ಅಡ್ಡ ಬಂದರೆ ನಾನು ಯಾರಿಗೆ ಹೇಳಲಪ್ಪಾ?

ಜವರಣ್ಣ ಗುದ್ದಲಿ ಹಿಡಿದೇ ನಿಂತಿದ್ದ. "ನಮ್ಮೆಮ್ಮೆ ಮೂತಿ ನೋಡ್ಬುಡಿ ಒಂದ್ಸಲ. ರಾಣಿ ಕಲರ್ ಆಗದೆ!"

"ಹಂಗಾರೆ ಮದ್ವೆ ಮಾಡ್ಬುಡಣ್ಣ ಅದ್ಕೆ" ಎಂದಳು ನೂರ್. ಬಾಯಿ ನಗುತ್ತಿತ್ತು, ಕಣ್ಣು ಗುದ್ದಲಿಯ ಮೇಲೇ ಇತ್ತು.

ಸುಮ ಡಬ್ಬಿಯ ಮೇಲಿನ ಒದ್ದೆ ಗಂಟುಗಳನ್ನು ಚಮಚದಲ್ಲಿ ಎತ್ತಿ ಪೇಪರಿಗೆ ಹಾಕುತ್ತಿದ್ದಳು. ಕೆಳಗಿನದು ಒಣಗಿಯೇ ಇತ್ತು. ದೊಡ್ಡ ಡ್ರಮ್ಮಿಗೆ ಸಾಲದು, ಒಂದು ಸಣ್ಣ ತೊಟ್ಟಿಗೆ ಆದೀತು. ನನ್ನ ಉದ್ಧರಣೆ ಚಿಕ್ಕದು, ಅದೇ ದೇವರ ದಯೆ. ಚೊಂಬಿನಲ್ಲೇ ಸುರಿಯುವ ಪೈಕಿ ನಾನು!

"ಒದ್ದೆ ಆದ್ರೆ ಏನಾಯ್ತದೆ ಮಗ?" ಎಂದೆ.

"ಇದ್ರಲ್ಲಿ ಕಣ್ಣಿಗೆ ಕಾಣ್ದಂಗೆ ಪದರ ಪದರ ಇರ್ತವೆ ದೊಡ್ಡವ್ವ, ಒಬ್ಬಟ್ಟು ಜೋಡ್ಸಿದಂಗೆ. ಕಾಲೇಜ್ ಕುಲುಮೇಲಿ ಕಾಯ್ಸುದ್ರೆ ಪದರ ಕೆಟ್ಟೋಯ್ತವೆ. ನೀರಿಗೆ ಹಾಕುದ್ರೆ ತಿರ್ಗ ಕಟ್ಕತವೆ. ಕಟ್ಕಳಾವಾಗ ಅಲ್ಲಿರೋ ಬಣ್ಣನೂ ಒಳಕ್ಕೆ ಎಳ್ಕತವೆ. ನಿಮ್ ತೀರ್ಥ ಬಿದ್ದಿದ್ದು ಬಣ್ಣ ಸಿಗೋಕ್ ಮುಂಚೇನೆ ಕಟ್ಕಬುಡ್ತು."

ಬೆಂಕಿಗೆ ಹಾಕಿದರೂ ತನ್ನ ಆಕಾರ ಮರೆಯದ ಪುಡಿ! ನಾನೋ, ಒಲೆಯ ಮೇಲೆ ಹಾಲಿಟ್ಟಿದ್ದನ್ನೇ ಮರೆಯುವವಳು.

ಪುಡಿ ಹಾಕಿ ಕೋಲಿನಲ್ಲಿ ತಿರುವಿದರು. ಟೀ ಬಂತು. ನೀರು ಹಾಗೇ ಇತ್ತು. ಜವರಣ್ಣ ಗುದ್ದಲಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ. ಇನ್ನೊಂದು ಟೀ ಬಂತು. ಆಗ ನೋಡಿ, ರಾಣಿ ಬಣ್ಣ ಹೋಗಿ ಗುಲಾಬಿಯಾಯಿತು. ಗುಲಾಬಿ ಹೋಗಿ ಅಕ್ಕಿ ತೊಳೆದ ನೀರಿನಂತಾಯಿತು. ತಿರುವುವುದು ನಿಲ್ಲಿಸಿ ಬಿಟ್ಟ ಮೇಲೆ ಪುಡಿ ಮೆಲ್ಲಗೆ ತಳಕ್ಕೆ ಇಳಿಯಿತು, ಬಣ್ಣವನ್ನೆಲ್ಲ ಹೊತ್ತುಕೊಂಡು. ಮೇಲೆ ತಿಳಿನೀರು! ಗರ್ಭಗುಡಿಯ ಪರದೆ ಸರಿದಾಗ ಕೈ ಮುಗಿಯುತ್ತೇವಲ್ಲ, ಹಾಗೆ ನನ್ನ ಕೈ ತಾನಾಗಿ ಮುಗಿದುಕೊಂಡಿತು.

"ಕುಡ್ದುಗಿಡ್ದೀರ ಮತ್ತೆ!" ಎಂದು ಸುಮ ಎಚ್ಚರಿಸಿದಳು. (ನನ್ನನ್ನು ಬಲ್ಲಳು.) ತಳದ ಕೆಂಪು ಕೆಸರನ್ನೂ ಚೆಲ್ಲಬಾರದಂತೆ, ಕಾಲೇಜಿಗೇ ಒಯ್ಯಬೇಕಂತೆ.

ಜವರಣ್ಣ ತೊಟ್ಟಿಗೆ ಕೈ ಅದ್ದಿ, ತನ್ನ ಬಿಳಿ ಟವೆಲ್ಲಿಗೆ ಒರೆಸಿದ. ಕಲೆ ಇಲ್ಲ. ಇನ್ನೊಂದು ಸಲ ಒರೆಸಿದ. ಇಲ್ಲ.

"ಒಂದ್ ತೊಟ್ಟಿ ಆಯ್ತು ಕಣವ್ವ. ದಿನಾ ಆಯ್ತದಾ?"

"ಅದ್ನೇ ಇನ್ನು ನೋಡ್ಬೇಕು ಜವರಣ್ಣ" ಎಂದಳು ಸುಮ. ಸುಳ್ಳು ಹೇಳಲಿಲ್ಲ.

"ಬತ್ತ ಕುಯ್ಯೋಗಂಟ ನೋಡಿ. ಅಲ್ಲೀಗಂಟ ಬಣ್ಣದ್ ನೀರು ಒಂದ್ ತೊಟ್ಟೂ ಬುಡ್ಕೂಡ್ದು." ಗುದ್ದಲಿ ಹೊತ್ತು ಹೊರಟೇಬಿಟ್ಟ.

ನೂರ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಕ್ಕ, ಇನ್ಮೇಲೆ ತೀರ್ಥ ನನ್ ತಲೆಗೆ ಹಾಕು. ಡಬ್ಬಿಗ್ ಬ್ಯಾಡ."

ಪೇಪರಿನಲ್ಲಿದ್ದ ಒದ್ದೆ ಗಂಟುಗಳೂ ಹಾಳಾಗಿರಲಿಲ್ಲ. ಮತ್ತೆ ಕಾಯಿಸಿದರೆ ಆಯಿತಂತೆ. ಅದನ್ನೂ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಮನೆಗೆ ಬಂದರೆ ಬೆಳಗ್ಗೆ ಉಪ್ಪುನೀರಿನಲ್ಲಿ ನೆನೆಸಿದ್ದ ಹೊಸ ಕೆಂಪು ಸೀರೆ ಕಾಯುತ್ತಿತ್ತು. ಹಿಂಡಿ ಒಣಹಾಕಿದೆ. ಬಕೆಟ್ ತುಂಬ ಕೆಂಪು ನೀರು. ಎತ್ತಿಕೊಂಡು ಚರಂಡಿಯವರೆಗೆ ಹೋದವಳು ನಿಂತುಬಿಟ್ಟೆ.

ಇಷ್ಟು ವರ್ಷ ಯಾರ ಎಮ್ಮೆಯ ಮೂತಿಗೆ ಸುರಿದೆನೋ?